ಗಾಡಿ ಹತ್ತುವ ರಾಗ

ಮುಂದಿನ ಸಾಲಿನ ಹಲ್ಲು ಒಂದನ್ನೂ ಉಳಿಸುವಂತಿಲ್ಲ ಎಂದು ಡಾಕ್ಟರು ಹೇಳಿದ ದಿನ ನಮ್ಮ ಮಾವ ಫಕೀರಪ್ಪ ಮಾಸ್ತರರು ಆಸ್ಪತ್ರೆಯಿಂದ ನೇರವಾಗಿ ಮನೆಗೆ ಬಂದು, ಕಾಲು ತೊಳೆದು, ಮೆಟ್ಟಿಲು ಹತ್ತಿ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಆರು ವರ್ಷಗಳಲ್ಲಿ ಅವರು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ನಾನು ಹೆಡ್‌ಫೋನ್ ಹಾಕಿಕೊಂಡು ಶಾಲೆಯೊಂದರ ವಾರ್ಷಿಕೋತ್ಸವದ ಹಾಡಿಗೆ ಢೋಲಕ್ಕು ಕೂಡಿಸುತ್ತ ಕೂತಿದ್ದೆ. ನೆರಳು ಬಿದ್ದದ್ದು ಕಂಡು ತಿರುಗಿದೆ. ಅವರು ಬೆರಳಿನಿಂದ ತಮ್ಮ ಬಾಯಿ ತೋರಿಸಿದರು, ಆಮೇಲೆ ನನ್ನ ಮೈಕು ತೋರಿಸಿದರು. ಆ ಕೋಣೆಯಲ್ಲಿ ಸುಮ್ಮಸುಮ್ಮನೆ ಬಾಯಿ ತೆರೆಯಬಾರದು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನೇ ಎದ್ದು ಹೊರಗೆ ಮಾಳಿಗೆಗೆ ಹೋದೆ. ಅಲ್ಲಿ ನಿಂತು ಹೇಳಿದರು.

ಹಲ್ಲಿನ ಬುಡದಲ್ಲಿ ಕೀವು ಕಟ್ಟಿದೆಯಂತೆ. ಸಕ್ಕರೆ ಕಾಯಿಲೆ ಬೇರೆ. ಬಿಟ್ಟರೆ ದವಡೆಯ ಮೂಳೆಗೇ ಇಳಿಯುತ್ತದಂತೆ. ಹತ್ತು ದಿನ ಗುಳಿಗೆ ನುಂಗಿಸಿ, ಬರುವ ವಾರ ಬಿಟ್ಟು ಆಚೆಯ ಸೋಮವಾರ ಎಲ್ಲವನ್ನೂ ಕಿತ್ತುಹಾಕುತ್ತಾರಂತೆ. ಮಾವನಂತೆ ಕ್ಲಾರ್ನೆಟ್ ಊದುವವರಿಗೆ ಮೇಲಿನ ಹಲ್ಲು ವಾದ್ಯದ ತುದಿಯ ಮೌತ್‌ಪೀಸಿನ ಮೇಲೆ ಕೂರಬೇಕು. ಅದಿಲ್ಲದಿದ್ದರೆ ತುಟಿ ನಿಲ್ಲುವುದಿಲ್ಲ, ತುಟಿ ನಿಲ್ಲದಿದ್ದರೆ ದನಿ ನಿಲ್ಲುವುದಿಲ್ಲ. ಹಲ್ಲು ಕಿತ್ತ ಹದಿನೈದನೆಯ ದಿನಕ್ಕೆ ನನ್ನ ನಾದಿನಿ ಗಂಗವ್ವನ ಮದುವೆ ಇತ್ತು.

"ಊರಾಗಿನ ಹೆಣ್ಣಮಕ್ಕಳಿಗೆಲ್ಲಾ ಊದೀನಿ" ಅಂದರು ಮಾವ. "ನಮ್ಮ ಗಂಗವ್ವಗ ಊದಾಕ ಆಗೂದಿಲ್ಲ. ನಿನ್ನ ಡಬ್ಬ್ಯಾಗ ಹಾಕಿ ಕೊಡ್ತಿಯೇನು ಕಸ್ತೂರಿ?"

ನಾನು ಹೂಂ ಅಂದೆ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಬಂದ ಮೊದಲ ಮುಂಜಾನೆ ಅಡುಗೆಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಅತ್ತೆಯನ್ನು ಕೇಳಿದ್ದೆ. ಮಾರನೆಯ ದಿನ ಅದೇ ಹೊತ್ತಿಗೆ ಒಲೆಯ ಪಕ್ಕದಿಂದ ನನ್ನದೇ ದನಿ, ತುಸು ಮೆತ್ತಗೆ, ಗೋಡೆಯಾಚೆಯಿಂದ ಬಂದ ಹಾಗೆ, ಉಪ್ಪು ಎಲ್ಲಿದೆ ಎಂದು ಕೇಳಿತು. ಕೈಯಲ್ಲಿದ್ದ ಸೌಟು ಬಿತ್ತು. ಅತ್ತೆ ನಕ್ಕು, ನಾಳೆ ಸೌಟು ಬೀಳುತ್ತದೆ, ಹೆದರಬೇಡ ಅಂದರು. ಬಿತ್ತು ಕೂಡ. ಇದಕ್ಕೆ ಈ ಊರವರು ‘ನಿನ್ನೆ’ ಎನ್ನುತ್ತಾರೆ. ಬಾಯಿಂದ, ಕೈಯಿಂದ, ಕಾಲಿನಿಂದ ಹೊರಟ ಯಾವ ದನಿಯೂ ಮರುದಿನ ಅದೇ ಹೊತ್ತಿಗೆ, ಹೊರಟ ಜಾಗದಲ್ಲೇ ಇನ್ನೊಂದು ಸಲ ಕೇಳಿಸಿ ಹೋಗುತ್ತದೆ. ಗಂಡಹೆಂಡಿರು ಜಗಳವಾಡಬೇಕೆಂದರೆ ಕಾಲುವೆಯ ಸೇತುವೆ ದಾಟಿ ಬಯಲಿಗೆ ಹೋಗುತ್ತಾರೆ. ಸಾವಾದ ಮನೆಗೆ ನೆರೆಯವರು ಎರಡನೆಯ ದಿನವೂ ತಪ್ಪದೆ ಹೋಗಿ ಕೂರುತ್ತಾರೆ, ಹಿಂದಿನ ದಿನದ ಅಳುವನ್ನು ಮನೆಯವರು ಒಬ್ಬರೇ ಕೇಳಬಾರದೆಂದು. ಕೆಟ್ಟ ಮಾತು ಆಡಿದವರು ಮರುದಿನ ಅದೇ ಜಾಗದಲ್ಲಿ ಹೋಗಿ ಕೂತು ತಮ್ಮ ಮಾತನ್ನು ತಾವೇ ಕೇಳಬೇಕು. ಅನ್ನಿಸಿಕೊಂಡವರು ಆ ಹೊತ್ತಿಗೆ ಬೇರೆ ಕಡೆ ಹೋಗುತ್ತಾರೆ. ಸಂತೆಯ ಮರುದಿನ ಕೆಲಸವಿಲ್ಲದವರು ಅಲ್ಲಿ ಸುತ್ತಾಡುತ್ತಾರೆ, ಖಾಲಿ ಬಯಲಿನಲ್ಲಿ ನಿನ್ನೆಯ ಬದನೆಕಾಯಿ ಮಾರುವವರ ಕೂಗು ಕೇಳುತ್ತ.

ಮೋಟರಿಗೆ, ರೇಡಿಯೋಕ್ಕೆ, ಸ್ಪೀಕರಿಗೆ ನಿನ್ನೆ ಇಲ್ಲ. ಅವು ಸದ್ದು ಮಾಡಿದವು, ಮುಗಿಯಿತು. ನನಗೆ ಅವು ಹಿಡಿಸಿದ್ದು ಅದಕ್ಕೇ ಇರಬೇಕು. ನಾನು ಹುಟ್ಟಿನಿಂದ ಕೂತಲ್ಲಿ ಕೂರದವಳು. ಒಂದು ಕೆಲಸ ಮುಗಿಯುವುದರೊಳಗೆ ಇನ್ನೊಂದಕ್ಕೆ ಕೈ ಹಾಕುವವಳು. ಬೆಳಿಗ್ಗೆ ಎದ್ದರೆ ನಿನ್ನೆ ಮಾಡಿದ ಕೆಲಸದ ಸದ್ದೆಲ್ಲ ಮತ್ತೆ ಕಿವಿಗೆ ಬೀಳುವ ಈ ಮನೆಯಲ್ಲಿ ನನಗೆ ಉಸಿರು ಕಟ್ಟಿದಂತಾಗುತ್ತಿತ್ತು. ನನ್ನ ಗಂಡ ನಿಂಗರಾಜ ಶಾಲೆಯ ವ್ಯಾನು ಓಡಿಸುತ್ತಾನೆ; ನನ್ನ ಚಡಪಡಿಕೆ ನೋಡಲಾರದೆ ಒಂದು ಹಳೆಯ ಕೀಬೋರ್ಡು, ಆಮೇಲೆ ಒಂದು ಕಂಪ್ಯೂಟರು ತಂದುಕೊಟ್ಟ. ಮಾಳಿಗೆಯ ಕೋಣೆಯ ಗೋಡೆಗೆಲ್ಲ ಚಿಂದಿ ಹೊಲಿದ ಹಳೆಯ ಕೌದಿ ಹೊಡೆದು ಬೀದಿಯ ಗದ್ದಲ ತಡೆದೆ. ಮೈಕು ಬಂತು. ಭಜನೆಯವರಿಗೆ, ಶಾಲೆಗಳಿಗೆ, ಮದುವೆ ಮನೆಗಳಿಗೆ ಹಿನ್ನೆಲೆ ಸಂಗೀತದ ಟ್ರ್ಯಾಕು ಮಾಡಿಕೊಡತೊಡಗಿದೆ. ಒಬ್ಬರು ಹಾಡಿದರೆ ಸಾಕು, ಹಿಂದೆ ಇಪ್ಪತ್ತು ಪಿಟೀಲು ನಾನು ಕೂಡಿಸುತ್ತಿದ್ದೆ.

ಅದರಿಂದ ಏನಾಯಿತು ಎಂಬುದನ್ನೂ ಹೇಳಬೇಕು. ಮಾವನದು ಆರು ಜನರ ಬ್ಯಾಂಡ್‌ಸೆಟ್ಟು ಇತ್ತು. ಒಂದು ಮದುವೆಯಲ್ಲಿ ಬೀಗರು ಪೆನ್‌ಡ್ರೈವ್ ಒಂದನ್ನು ಸೌಂಡ್ ಬಾಕ್ಸಿಗೆ ಚುಚ್ಚಿ, ಇವತ್ತು ಬ್ಯಾಂಡು ಬೇಡ ಎಂದು ಇವರನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಆ ಪೆನ್‌ಡ್ರೈವಿನಲ್ಲಿದ್ದದ್ದು ನಾನು ಮಾಡಿದ ಟ್ರ್ಯಾಕು. ಮಾವ ಮನೆಗೆ ಬಂದು ಊಟ ಮಾಡಿದರು, ಸಮವಸ್ತ್ರ ಮಡಚಿ ಟ್ರಂಕಿನಲ್ಲಿಟ್ಟರು, ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎರಡು ಸಲ ಕೇಳಿ ಮುಗಿಸುತ್ತಿದ್ದೆ. ಅನ್ನದೇ ಇದ್ದದ್ದು ಆರು ವರ್ಷ ಮನೆಯಲ್ಲೇ ಉಳಿಯಿತು.

ಅವರು ಕೇಳಿದ್ದು ತಾವೇ ಕಟ್ಟಿದ ಒಂದು ರಾಗ. ಮದುವೆಯಾದ ಹುಡುಗಿ ತವರಿನ ಹೊಸ್ತಿಲು ದಾಟಿ ಗಾಡಿ ಹತ್ತುವಾಗ ಊದುವುದು. ಮೊದಲು ಎತ್ತಿನ ಗಾಡಿ ಇತ್ತು, ಆಮೇಲೆ ಜೀಪು, ಈಗ ಕಾರು, ರಾಗ ಅದೇ. ಮೂರೇ ಸಾಲು. ಊರಿನ ಹೆಂಗಸರು ಬಟ್ಟೆ ಒಗೆಯುವಾಗ ಅದನ್ನು ಗುನುಗುವುದನ್ನು ಕೇಳಿದ್ದೇನೆ, ಆದರೆ ಪೂರ್ತಿಯಾಗಿ ಎಲ್ಲೂ ಯಾರೂ ಹಿಡಿದಿಟ್ಟಿರಲಿಲ್ಲ.

ಎದುರಿನ ಶಾಲೆಯ ಮಕ್ಕಳು ಒಳಗಿರುವ ಎರಡು ಹೊತ್ತು ಮಾತ್ರ ನನ್ನ ಕೋಣೆ ನಿಶ್ಶಬ್ದವಾಗಿರುತ್ತದೆ, ಬೆಳಿಗ್ಗೆ ಹನ್ನೊಂದಕ್ಕೆ, ಮಧ್ಯಾಹ್ನ ಮೂರಕ್ಕೆ. ಒಂದು ದಿನ ಮೂರಕ್ಕೆ ಊದಿದರೆ ಮರುದಿನ ಮೂರಕ್ಕೆ ಅದೇ ದನಿ ಬಂದು ಮೈಕಿನಲ್ಲಿ ಸೇರಿಕೊಳ್ಳುತ್ತದೆ. ಹಾಗಾಗಿ ಒಂದು ದಿನ ಮಧ್ಯಾಹ್ನ, ಮರುದಿನ ಬೆಳಿಗ್ಗೆ ಎಂದು ನಾನು ಸರದಿ ಹಾಕಿದೆ. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದೆ.

ಶುಕ್ರವಾರ ಮೂರಕ್ಕೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ನಾನು ಅಷ್ಟರೊಳಗೆ ಟ್ರ್ಯಾಕು ಸಿದ್ಧ ಮಾಡಿಟ್ಟಿದ್ದೆ. ತಂಬೂರಿಯ ಶ್ರುತಿ, ಕೆಳಗೆ ಪಿಟೀಲಿನ ಗುಂಪು, ಮೆಲ್ಲಗೆ ಒಂದು ಢೋಲಕ್ಕು. ಅವರ ಕಿವಿಗೆ ಹೆಡ್‌ಫೋನ್ ಹಾಕಿ, ಒಳಗೆ ಟಿಕ್ ಟಿಕ್ ಎಂದು ಲೆಕ್ಕ ಬರುತ್ತದೆ, ಅದರ ಜೊತೆಗೇ ಹೋಗಬೇಕು ಎಂದು ತಿಳಿಸಿದೆ. ಮೊದಲ ಸಾಲು ಚೆನ್ನಾಗಿ ಬಂತು. ಎರಡನೆಯದರ ಕೊನೆಯಲ್ಲಿ ಅವರು ಒಂದು ಸ್ವರದ ಮೇಲೆ ನಿಂತುಬಿಟ್ಟರು. ಟ್ರ್ಯಾಕು ಮುಂದೆ ಹೋಯಿತು. ಅವರು ಕಣ್ಣು ಬಿಟ್ಟು, ಕ್ಲಾರ್ನೆಟ್ ಕೆಳಗಿಳಿಸಿ, ಬಸ್ಸು ತಪ್ಪಿಸಿಕೊಂಡವರ ಹಾಗೆ ನನ್ನತ್ತ ನೋಡಿದರು.

ಮತ್ತೆ ಶುರು ಮಾಡಿದೆವು. ಮತ್ತೆ ಅಲ್ಲೇ ನಿಂತರು. ಆ ಸ್ವರವನ್ನು ನಾಲ್ಕು ಎಣಿಕೆಗೆ ಬಿಡಬೇಕು ಎಂದೆ. ಬೆರಳು ಮಡಚಿ ತೋರಿಸಿದೆ. ನಾಲ್ಕಕ್ಕೆ ಬಿಟ್ಟರು, ಆಗ ಮೂರನೆಯ ಸಾಲು ಓಡಿಹೋದಂತೆ ಬಂತು. ಅವರ ತಪ್ಪುಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಅತ್ತಿತ್ತ ಸರಿಸಿ, ಗೆರೆಗೆ ಸರಿಯಾಗಿ ಕೂರಿಸಿ ಭಾನುವಾರ ಕೇಳಿಸಿದೆ. ಮಾವ ಪೂರ್ತಿ ಕೇಳಿದರು. ಚಲೋ ಐತಿ ಅಂದರು. ಆಮೇಲೆ ಇದನ್ನು ಊದಿದವರು ಯಾರು ಎಂದು ಕೇಳಿದರು. ಚುಚ್ಚಿ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು.

ಅವತ್ತಿನಿಂದ ನನಗೆ ನೆಮ್ಮದಿ ಹೋಯಿತು. ರೊಟ್ಟಿ ಬಡಿಯುವಾಗ ಟಿಕ್ ಟಿಕ್ ಎಣಿಸುತ್ತಿದ್ದೆ. ಅತ್ತೆ ನೀಲವ್ವ ನನ್ನ ರೊಟ್ಟಿಯ ಬಡಿತ ಕೇಳಿ, ಇದೇನು ಇವತ್ತು ರೈಲು ಓಡಿಸಾಕತ್ತಿ ಎಂದು ಕೇಳಿದರು. ಲೆಕ್ಕದ ವೇಗ ಇಳಿಸಿ ನೋಡಿದೆ, ಏರಿಸಿ ನೋಡಿದೆ. ಢೋಲಕ್ಕು ತೆಗೆದು ಗಂಟೆ ಹಾಕಿದೆ, ಗಂಟೆ ತೆಗೆದು ಮತ್ತೆ ಢೋಲಕ್ಕು ಹಾಕಿದೆ. ಮಾವ ದಿನವೂ ಬಂದು ಹೇಳಿದಂತೆ ಊದಿದರು. ಬುಧವಾರದ ಹೊತ್ತಿಗೆ ಮುಂದಿನ ಎರಡು ಹಲ್ಲು ಅಲುಗಾಡುವುದು ಕಣ್ಣಿಗೇ ಕಾಣುತ್ತಿತ್ತು. ಮೌತ್‌ಪೀಸಿನ ರೀಡಿನ ಪಟ್ಟಿ ರಕ್ತ ತಾಗಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅವರು ನೋವಿನ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಉಳಿದ ದಿನಗಳನ್ನು ಎಣಿಸುತ್ತಿದ್ದೆ ಅಷ್ಟೆ.

ಗುರುವಾರ ಮೂರೂಕಾಲರ ಹೊತ್ತಿಗೆ, ಏಳನೆಯ ದಿನದ ಆರನೆಯ ಸುತ್ತಿನಲ್ಲಿ, ಅವರು ಅದೇ ಸ್ವರದ ಮೇಲೆ ಮತ್ತೆ ನಿಂತರು. ನಾನು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿದೆ.

"ನಿಮ್ಮ ಕೈಲಿ ಆಗೂದಿಲ್ಲ ಮಾವಾ" ಅಂದೆ. "ಕೀಬೋರ್ಡಿನಾಗ ಕ್ಲಾರ್ನೆಟ್ಟಿನ ದನಿ ಐತಿ, ನಾನ ಬಾರಸ್ತೀನಿ. ಕೇಳಿದವರಿಗೆ ಗೊತ್ತೂ ಆಗೂದಿಲ್ಲ."

ಬಾಯಿಂದ ಬಿದ್ದ ಮೇಲೆ, ಇದು ನಾಳೆ ಮತ್ತೆ ಬರುತ್ತದೆ ಎಂಬುದು ಮೊದಲು ನೆನಪಾಯಿತು. ತಪ್ಪಾಯಿತು ಎಂಬುದು ಆಮೇಲೆ. ಮಾವ ಮೌತ್‌ಪೀಸು ಬಿಚ್ಚಿದರು. ಜೇಬಿನಿಂದ ಬಟ್ಟೆ ತೆಗೆದು ಒರೆಸಿದರು, ಪೆಟ್ಟಿಗೆಯಲ್ಲಿಟ್ಟರು, ಮೆಟ್ಟಿಲಿಳಿದು ಹೋದರು. ನಾನು ಎದ್ದು ಎರಡು ಸಲ ಬಾಗಿಲ ತನಕ ಹೋಗಿ ಬಂದೆ. ಆಮೇಲೆ ಹಟಕ್ಕೆ ಬಿದ್ದವಳಂತೆ ಹೆಡ್‌ಫೋನ್ ಹಾಕಿಕೊಂಡು ಕೀಬೋರ್ಡಿನ ಮುಂದೆ ಕೂತು ಆ ಮೂರು ಸಾಲನ್ನು ಬಾರಿಸಿದೆ. ಒಂದು ಎಣಿಕೆಯೂ ತಪ್ಪಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಾವ ಮೇಲೆ ಬರಲಿಲ್ಲ. ಬರುತ್ತಾರೆಂದು ನಾನೂ ಎಣಿಸಿರಲಿಲ್ಲ. ನನ್ನ ಮಾತನ್ನು ನಾನು ಕೇಳಬೇಕಿತ್ತು. ಎರಡೂಮುಕ್ಕಾಲಿಗೇ ಕೋಣೆಗೆ ಹೋಗಿ ಚಾಪೆಯ ಮೇಲೆ ಕೂತೆ. ಯಂತ್ರಗಳನ್ನು ಹಚ್ಚಲಿಲ್ಲ. ಐದು ನಿಮಿಷಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಅದು ಇವತ್ತಿನದೋ ನಿನ್ನೆಯದೋ ತಿಳಿಯುವುದರೊಳಗೆ ಮಾವ ಬಾಗಿಲು ನೂಕಿ ಒಳಗೆ ಬಂದು ಚಾಪೆಯ ಇನ್ನೊಂದು ತುದಿಗೆ ಕೂತರು. ಅನ್ನಿಸಿಕೊಂಡವರು ಬರುವ ರೂಢಿಯಿಲ್ಲ ಎಂದು ಹೇಳಹೋದೆ. ಅವರು ಕೈಯೆತ್ತಿ ಸುಮ್ಮನಿರು ಎಂದರು. ಆ ಹೊತ್ತಿಗೆ ನಿನ್ನೆ ಶುರುವಾಯಿತು.

ಮೊದಲು ಬಂದದ್ದು ನನ್ನ ಮಾತಲ್ಲ. ಗುರುವಾರ ನಾನು ಕೆಳಗೆ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಮಾವ ಮುಂಚೆಯೇ ಮೇಲೆ ಬಂದಿದ್ದರು. ಅದು ನನಗೆ ಗೊತ್ತಿರಲಿಲ್ಲ. ಒಬ್ಬರೇ ಊದಿದ್ದರು. ಹೆಡ್‌ಫೋನಿಲ್ಲ, ತಂಬೂರಿಯಿಲ್ಲ, ಟಿಕ್ ಟಿಕ್ ಇಲ್ಲ. ಮೊದಲ ಸಾಲು ಮೆಲ್ಲಗೆ ಎದ್ದು ಹೊರಗೆ ಬಂತು. ನಡುವೆ ಉಸಿರು ತೆಗೆದುಕೊಂಡದ್ದು ಕೇಳಿತು. ಎರಡನೆಯ ಸಾಲು ಬಂತು, ಆ ಸ್ವರ ಬಂತು, ಅಲ್ಲಿ ನಿಂತಿತು. ಬಹಳ ಹೊತ್ತು ನಿಂತಿತು. ತೆಳ್ಳಗಾಯಿತು, ತುಂಡಾಗಲಿಲ್ಲ. ಉಸಿರು ತೀರಿದಾಗ ಬಾಯಿ ತೆಗೆದು, ಯಾರಿಗೋ ಹೇಳುವಂತೆ, "ನಿಂದ್ರು ಗಂಗವ್ವಾ, ನಿಮ್ಮವ್ವ ಇನ್ನೂ ಕೈ ಬಿಟ್ಟಿಲ್ಲ" ಅಂದರು. ಮತ್ತೆ ಅದೇ ಸ್ವರ ಹಿಡಿದರು. ಆಮೇಲೆ ಮೂರನೆಯ ಸಾಲು, ಎಲ್ಲೂ ಅವಸರವಿಲ್ಲದೆ.

ನಾನು ಮಾವನತ್ತ ನೋಡಿದೆ. ಅವರು ಚಾಪೆಯ ಎಳೆಯೊಂದನ್ನು ಎಳೆಯುತ್ತ ತಲೆ ತಗ್ಗಿಸಿದ್ದರು.

ಆಮೇಲೆ ನನ್ನ ಹೆಜ್ಜೆ, ಕುರ್ಚಿ ಎಳೆದ ಸದ್ದು, ನಿನ್ನೆಯ ಸುತ್ತುಗಳು. ಟ್ರ್ಯಾಕು ಯಂತ್ರದ್ದು, ಅದು ಬರಲಿಲ್ಲ. ಬಂದದ್ದು ಅದರ ಹಿಂದೆ ಓಡುತ್ತಿದ್ದ ಕ್ಲಾರ್ನೆಟ್ಟು ಒಂದೇ. ಅಂಥ ಮನುಷ್ಯ ಏದುಸಿರು ಬಿಡುತ್ತ ಓಡುವುದನ್ನು ನಾನು ಆರು ಸಲ ಕೇಳಿದೆ. ಆಮೇಲೆ ನನ್ನ ಮಾತು ಬಂತು. ನಿನ್ನೆ ಅಂದುಕೊಂಡದ್ದಕ್ಕಿಂತ ಮೆತ್ತಗಿತ್ತು, ಆದರೆ ಅಷ್ಟೇ ಸ್ಪಷ್ಟವಾಗಿತ್ತು. ಮಾವ ಏಳಲಿಲ್ಲ. ಬಟ್ಟೆಯಿಂದ ಒರೆಸಿದ ಸದ್ದು, ಪೆಟ್ಟಿಗೆಯ ಚಿಲಕ, ಮೆಟ್ಟಿಲಿಳಿದ ಹೆಜ್ಜೆ. ಅದಾದ ಮೇಲೆ ನನ್ನ ಕೀಬೋರ್ಡು. ರಾಗ ಹೆಡ್‌ಫೋನಿನೊಳಗೆ ಇತ್ತಲ್ಲ, ಅದಕ್ಕೆ ನಿನ್ನೆ ಇಲ್ಲ. ಮೂರು ಸಾಲಿನ ತುಂಬ ಪ್ಲಾಸ್ಟಿಕ್ ಕೀಲಿಗಳ ಮೇಲೆ ನನ್ನ ಬೆರಳು ಬಡಿದ ಸದ್ದು ಮಾತ್ರ ಟಕ ಟಕ ಟಕ ಎಂದು ಬಂತು.

ಮುಗಿದ ಮೇಲೆ, ನಿನ್ನೆ ಅಂದದ್ದು ತಪ್ಪಾಯಿತು ಎಂದು ನಾನು ಹೇಳಿದೆ, ನಾಳೆ ಇನ್ನೊಮ್ಮೆ ಕೇಳಲಿ ಎಂದು ತುಸು ಗಟ್ಟಿಯಾಗಿಯೇ ಹೇಳಿದೆ.

"ಆತು ಬಿಡು" ಅಂದರು ಮಾವ. "ಬಂತು, ಹೋತು."

ಆ ಸ್ವರದ ಮೇಲೆ ಯಾಕೆ ನಿಲ್ಲುತ್ತೀರಿ ಎಂದು ಆಗ ಕೇಳಿದೆ. ಏಳು ದಿನದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅವರಿಗೆ ಆಶ್ಚರ್ಯವಾಯಿತು, ಅದು ಎಲ್ಲರಿಗೂ ಗೊತ್ತಿರುವ ವಿಷಯ ಎಂದುಕೊಂಡಿದ್ದರಂತೆ. ಮೊದಲ ಸಾಲು ಹುಡುಗಿ ಹೊಸ್ತಿಲು ದಾಟುವುದಕ್ಕೆ. ಎರಡನೆಯದು ಅಂಗಳದಲ್ಲಿ ನಡೆಯುವುದಕ್ಕೆ. ಗಾಡಿಯ ಹತ್ತಿರ ಬಂದಾಗ ಅವ್ವ ಕೈ ಹಿಡಿದಿರುತ್ತಾಳೆ. ಕೆಲವರು ಬೇಗ ಬಿಡುತ್ತಾರೆ, ಕೆಲವರು ಬಿಡುವುದಿಲ್ಲ. ಬಿಡುವ ತನಕ ಆ ಸ್ವರ ಹಿಡಿದಿರಬೇಕು. ಬಿಟ್ಟು, ಹುಡುಗಿ ಕಾಲೆತ್ತಿ ಇಟ್ಟಳೆಂದರೆ ಮೂರನೆಯ ಸಾಲು.

"ನಾ ಯಾವತ್ತೂ ಎಣಿಸಿ ಊದಿಲ್ಲವ್ವಾ, ನೋಡಿ ಊದೀನಿ" ಅಂದರು. "ಇಲ್ಲಿ ಕೌದಿ ಬಿಟ್ಟರ ಏನೈತಿ ನೋಡಾಕ?"

ಆಮೇಲೆ, ಯಾರೂ ಕೇಳದಿದ್ದರೂ, ಆರು ವರ್ಷದ ಹಿಂದಿನ ಆ ಮದುವೆಯ ಮಾತೆತ್ತಿದರು. ಗೇಟಿನಿಂದ ಕಳಿಸಿದ ಮೇಲೆ ಅವರು ಕೂಡಲೇ ಮನೆಗೆ ಬರಲಿಲ್ಲವಂತೆ. ಕಾಂಪೌಂಡಿನ ಹೊರಗೆ ನಿಂತು ನನ್ನ ಟ್ರ್ಯಾಕು ಕೇಳಿದರಂತೆ. ಚೆನ್ನಾಗಿತ್ತಂತೆ. ಆದರೆ ಹುಡುಗಿ ಇನ್ನೂ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು, ಅಷ್ಟರಲ್ಲಿ ಹಾಡು ಮುಗಿದಿತ್ತಂತೆ. ಮುಗಿದ ಮೇಲೆ ಎಲ್ಲರೂ ಏನು ಮಾಡಬೇಕೋ ತಿಳಿಯದೆ ನಿಂತಿದ್ದರಂತೆ. ಅದನ್ನು ನನಗೆ ಹೇಳಬೇಕೆಂದು ಬಹಳ ಸಲ ಅನ್ನಿಸಿತ್ತಂತೆ, ಹೇಳಿದರೆ ಸಿಟ್ಟಿನ ಮಾತಾಗಿ ಕೇಳಿಸೀತು ಎಂದು ಬಿಟ್ಟರಂತೆ.

ಶನಿವಾರ ಹನ್ನೊಂದಕ್ಕೆ ನಾನು ಗಂಗವ್ವನನ್ನು ಮೇಲೆ ಕರೆದೆ. ಅವಳು ಬಟ್ಟೆ ಹೊಲಿಯುವವಳು. ತನ್ನ ಮದುವೆಯ ರವಿಕೆಗೇ ಹುಕ್ಕು ಹಚ್ಚುತ್ತಿದ್ದವಳು ಸೂಜಿ ಸೆರಗಿಗೆ ಚುಚ್ಚಿಕೊಂಡು ಬಂದಳು. ನೀನು ನಡೆದು ಬರಬೇಕು, ಈ ಮಣೆ ಗಾಡಿಯ ಮೆಟ್ಟಿಲು, ಇದನ್ನು ಹತ್ತಬೇಕು ಎಂದು ಮಾಳಿಗೆಯಲ್ಲಿ ನಿಲ್ಲಿಸಿಕೊಂಡು ಹೇಳಿದೆ. ಬಾಯಿಗೆ ಸೆರಗು ಒತ್ತಿ ನಕ್ಕಳು. ಅತ್ತೆಯನ್ನು ಒಪ್ಪಿಸುವುದೇ ಕಷ್ಟವಾಯಿತು. ದಿನ ಬರುವುದಕ್ಕೆ ಮುಂಚೆ ಮಗಳನ್ನು ಕಳಿಸುವ ಆಟ ಆಡುವುದು ಒಳ್ಳೆಯದಲ್ಲ ಎಂದರು. ಮಾವನ ಬಾಯಿ ಒಮ್ಮೆ ನೋಡಿ ಬನ್ನಿ ಎಂದೆ. ಹೋಗಿ ನೋಡಿದರು. ಏನು ಕಂಡರೋ, ಕೈಗೆ ಅಂಟಿದ್ದ ಹಿಟ್ಟು ತೊಳೆಯದೆಯೇ ಮೇಲೆ ಬಂದರು.

ಹೆಡ್‌ಫೋನು ಕೊಡಲಿಲ್ಲ. ಟ್ರ್ಯಾಕು ಹಚ್ಚಲಿಲ್ಲ. ಮೈಕೊಂದನ್ನೇ ತೆರೆದಿಟ್ಟು, ಯಾರೂ ಮಾತಾಡಬಾರದು ಎಂದು ಸನ್ನೆ ಮಾಡಿ, ನಾನು ಗೋಡೆಗೆ ಒರಗಿ ನಿಂತೆ. ಮಾವ ಕ್ಲಾರ್ನೆಟ್ ಎತ್ತಿದರು. ಗಂಗವ್ವ ಬಾಗಿಲಿನಿಂದ ಹೊರಟಳು. ಮೊದಲ ಸಾಲಿಗೆ ಅವಳ ತುಟಿಯಲ್ಲಿ ಇನ್ನೂ ನಗು ಇತ್ತು. ಎರಡನೆಯ ಸಾಲಿಗೆ ಅವಳು ತಂದೆಯ ಮುಖ ನೋಡಿದಳು. ಮಣೆಯ ಹತ್ತಿರ ಬಂದಾಗ ಅತ್ತೆ ಆಟಕ್ಕೆ ಎಂಬಂತೆ ಮಗಳ ಕೈ ಹಿಡಿದರು. ಹಿಡಿದ ಮೇಲೆ ಅದು ಆಟವಾಗಿ ಉಳಿಯಲಿಲ್ಲ. ಹಿಟ್ಟಿನ ಬೆರಳುಗಳು ಬಿಗಿಯಾದವು. ಮಾವ ಆ ಸ್ವರ ಹಿಡಿದು ನಿಂತರು. ಅವರ ಕಣ್ಣು ಆ ಎರಡು ಕೈಗಳ ಮೇಲಿತ್ತು. ಕುತ್ತಿಗೆಯ ನರ ಉಬ್ಬಿತು. ಒಮ್ಮೆ ದನಿ ಒಡೆಯಿತು, ಒಳಗೆ ಏನೋ ಕಳಚಿದಂತೆ. ಅವರು ತುಟಿ ಸರಿಸಿ ಮತ್ತೆ ಹಿಡಿದರು. ಅತ್ತೆ ಕೈ ಬಿಟ್ಟರು. ಗಂಗವ್ವ ಮಣೆ ಹತ್ತಿದಳು. ಮೂರನೆಯ ಸಾಲು ಬಂತು.

ಮುಗಿದ ಮೇಲೆ ಮೈಕು ನಿಲ್ಲಿಸುವುದು ನನಗೇ ಮರೆತಿತ್ತು. ಮಾವ ಅಂಗೈಗೆ ಏನನ್ನೋ ಉಗಿದು, ನೋಡಿ, ಮುಷ್ಟಿ ಮುಚ್ಚಿದರು. ಸೋಮವಾರ ಡಾಕ್ಟರಿಗೆ ಒಂದು ಹಲ್ಲಿನ ಕೆಲಸ ಕಡಿಮೆಯಾಗಿತ್ತು.

ಮುಂದಿನ ಹದಿನೈದು ದಿನ ನಾನು ಮಾಡಿದ್ದು ಅಷ್ಟು ವರ್ಷ ಮಾಡಿದ ಕೆಲಸದ ತಲೆಕೆಳಗು. ಟ್ರ್ಯಾಕಿಗೆ ಅವರನ್ನು ಕೂರಿಸುವುದು ಬಿಟ್ಟು, ಅವರು ಊದಿದ್ದಕ್ಕೆ ಟ್ರ್ಯಾಕನ್ನು ಕೂರಿಸಿದೆ. ಒಂದೊಂದು ಎಣಿಕೆ ಎಲ್ಲಿ ಬೀಳುತ್ತದೆಂದು ಕೇಳಿ ಕೇಳಿ ಕೈಯಾರೆ ಗುರುತು ಹಾಕಿದೆ. ಪರದೆಯ ಮೇಲೆ ಸಾಲಾಗಿರುತ್ತಿದ್ದ ಗೆರೆಗಳು ಸೊಟ್ಟಂಬಟ್ಟೆ ಆದವು, ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಮಾರು ದೂರ. ಅವರು ತಡೆದಲ್ಲಿ ಢೋಲಕ್ಕನ್ನೂ ತಡೆದೆ. ಹಲ್ಲು ಕಿತ್ತ ಮೇಲೆ ಮಾವನಿಗೆ ನಾಲ್ಕು ದಿನ ಮಾತಿರಲಿಲ್ಲ. ಬಾಯಿಗೆ ಟವೆಲು ಹಿಡಿದು ಬಂದು, ಹೆಡ್‌ಫೋನು ಹಾಕಿಕೊಂಡು ಕೂರುತ್ತಿದ್ದರು. ಅಂಗೈ ಕೆಳಗೆ ಮಾಡಿದರೆ ಪಿಟೀಲು ಇಳಿಸು ಎಂದು, ಕೈ ಬೀಸಿದರೆ ತೆಗೆದೇಬಿಡು ಎಂದು. ದನಿ ಒಡೆದ ಜಾಗವನ್ನು ತೇಪೆ ಹಾಕಿ ಮುಚ್ಚಲೇ ಎಂದು ಕೇಳಿದೆ. ತಲೆ ಅಲ್ಲಾಡಿಸಿದರು.

ಆದರೂ ನನಗೆ ಒಂದು ದಿಗಿಲು ಉಳಿದೇ ಇತ್ತು. ಕೋಣೆಯಲ್ಲಿ ಅತ್ತೆ ಕೈ ಹಿಡಿದದ್ದು ಹತ್ತೊಂಬತ್ತು ಸೆಕೆಂಡು. ಮದುವೆಯ ದಿನ ಎಷ್ಟು ಹೊತ್ತು ಹಿಡಿಯುತ್ತಾರೆಂದು ಯಾರಿಗೆ ಗೊತ್ತು? ಮದುವೆಗೆ ನಾಲ್ಕು ದಿನ ಇರುವಾಗ ಇಡೀ ಟ್ರ್ಯಾಕನ್ನು ಮೂರು ತುಂಡು ಮಾಡಿದೆ. ಎರಡನೆಯ ತುಂಡಿನ ಕೊನೆಗೆ ಮಾವನ ಆ ಸ್ವರವೂ ತಂಬೂರಿಯೂ ನಾನು ಬೇಡ ಅನ್ನುವ ತನಕ ಸುತ್ತುತ್ತಲೇ ಇರುವಂತೆ ಜೋಡಿಸಿದೆ. ಒಂದೊಂದು ತುಂಡಿಗೆ ಕಂಪ್ಯೂಟರಿನ ಒಂದೊಂದು ಕೀಲಿ. ಬೆರಳು ತಡವರಿಸದಂತೆ ನೂರು ಸಲ ಒತ್ತಿ ಅಭ್ಯಾಸ ಮಾಡಿದೆ. ಮರುದಿನ ಆ ಹೊತ್ತಿಗೆ ಕೋಣೆಯಲ್ಲಿ ಅದೊಂದೇ ಸದ್ದು, ನಲ್ಲಿಯಿಂದ ನೀರು ತೊಟ್ಟಿಕ್ಕುವ ಹಾಗೆ.

ಮದುವೆಯ ಸಂಜೆ ಐದಕ್ಕೆ ಕಾರು ಬಂದು ಅಂಗಳದಾಚೆ ನಿಂತಿತು. ನಾನು ಚಪ್ಪರದ ಕಂಬದ ಪಕ್ಕ ಪ್ಲಾಸ್ಟಿಕ್ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು, ಎರಡೂ ಕಡೆ ಸೌಂಡ್ ಬಾಕ್ಸು ನಿಲ್ಲಿಸಿ, ಅಂಗೈ ಬೆವರು ಸೀರೆಗೆ ಒರೆಸುತ್ತಿದ್ದೆ. ಗಂಗವ್ವ ಹೊಸ್ತಿಲಿಗೆ ಬಂದದ್ದು ಕಂಡಿತು. ಮೊದಲ ಕೀಲಿ ಒತ್ತಿದೆ. ಕ್ಲಾರ್ನೆಟ್ಟು ಎದ್ದಿತು, ಅದರ ಹಿಂದೆ, ಅದನ್ನು ಮುಟ್ಟದಷ್ಟು ದೂರದಲ್ಲಿ, ಪಿಟೀಲುಗಳು. ಮಾತಾಡುತ್ತಿದ್ದ ಹೆಂಗಸರು ಮಾತು ನಿಲ್ಲಿಸಿ ಮಾಸ್ತರರನ್ನು ಹುಡುಕಿದರು. ಅವರು ಹೊಸ ಧೋತರ ಉಟ್ಟು, ಬಾಯಿಗೆ ಟವೆಲು ಹಿಡಿದು, ಬರಿಗೈಯಲ್ಲಿ ನನ್ನ ಹಿಂದೆ ಕಟ್ಟೆಯ ಮೇಲೆ ನಿಂತಿದ್ದರು.

ಎರಡನೆಯ ಕೀಲಿ ಒತ್ತುವ ಹೊತ್ತಿಗೆ ಜನ ನುಗ್ಗಿ ಬಂದು ಅಂಗಳ ತುಂಬಿತು. ನನಗೆ ಬೆನ್ನುಗಳಲ್ಲದೆ ಏನೂ ಕಾಣಲಿಲ್ಲ. ಗಂಗವ್ವ ಕಾರಿನ ಹತ್ತಿರ ಹೋದಳೋ, ಇಲ್ಲವೋ, ಅತ್ತೆ ಕೈ ಹಿಡಿದರೋ, ಬಿಟ್ಟರೋ, ಒಂದೂ ಗೊತ್ತಾಗದು. ಆ ಸ್ವರ ಶುರುವಾಗಿತ್ತು. ನಾನು ತುದಿಗಾಲಲ್ಲಿ ನಿಂತೆ, ಅತ್ತ ಬಾಗಿದೆ, ಇತ್ತ ಬಾಗಿದೆ. ಬೆರಳು ಮೂರನೆಯ ಕೀಲಿಯ ಮೇಲೇ ಇತ್ತು. ಈಗಲೇ ಒತ್ತಿಬಿಡಲೇ ಅನ್ನಿಸಿತು. ಇಷ್ಟು ಹೊತ್ತು ಯಾವ ಟ್ರ್ಯಾಕೂ ಹೀಗೆ ಒಂದೇ ಕಡೆ ನಿಂತದ್ದಿಲ್ಲ. ಯಂತ್ರ ಕೆಟ್ಟಿದೆ ಎಂದುಕೊಂಡಾರು ಅನ್ನಿಸಿತು.

ಆಗ ನನ್ನ ಹೆಗಲ ಮೇಲೆ ಕೈಯೊಂದು ಬಂದು ಕೂತಿತು. ಮಾವ ಕಟ್ಟೆಯ ಅಂಚಿಗೆ ಬಂದು ಬಗ್ಗಿದ್ದರು. ಅಲ್ಲಿಂದ ಅವರಿಗೆ ಎಲ್ಲವೂ ಕಾಣುತ್ತಿತ್ತು. ಕೈ ಭಾರವಾಗಿತ್ತು, ಒತ್ತಿ ಹಿಡಿದಿತ್ತು. ನಾನು ಜನರತ್ತ ನೋಡುವುದು ಬಿಟ್ಟೆ. ಕಣ್ಣು ಮುಚ್ಚಿದೆ. ಸ್ವರ ಸುತ್ತುತ್ತಿತ್ತು, ಕೈ ಹಾಗೇ ಇತ್ತು. ಯಾರೋ ಬಿಕ್ಕಿದರು. ಇನ್ನೂ ಇತ್ತು. ಹತ್ತೊಂಬತ್ತಲ್ಲ, ಮೂವತ್ತಲ್ಲ; ನಾನು ಎಣಿಸುವುದು ಬಿಟ್ಟೆ. ಆಮೇಲೆ ಆ ಕೈ ನನ್ನ ಹೆಗಲಿನಿಂದ ಮೆಲ್ಲಗೆ ಎದ್ದಿತು. ಮೂರನೆಯ ಕೀಲಿ ಒತ್ತಿದೆ.

ಕಾರಿನ ಬಾಗಿಲು ಹಾಕಿಕೊಂಡ ಸದ್ದು ಮೂರನೆಯ ಸಾಲಿನ ಮಧ್ಯದಲ್ಲಿ ಬಂತು. ಕಾರು ಹೊರಟಿತು, ಜನ ಅದರ ಹಿಂದೆ ಬೀದಿಗೆ ಹೋದರು, ಅಂಗಳ ಖಾಲಿಯಾಯಿತು. ಕ್ಲಾರ್ನೆಟ್ಟು ಮುಗಿದಿತ್ತು. ಕೊನೆಗೆ ತಂಬೂರಿ ಎಷ್ಟು ಹೊತ್ತು ಇರಬೇಕೆಂದು ನಾನು ಗೊತ್ತು ಮಾಡಿರಲಿಲ್ಲ. ಅದು ಬಾರಿಸುತ್ತಲೇ ಇತ್ತು. ಮಾವ ಕಟ್ಟೆ ಇಳಿದು ಮೇಜಿನ ಮುಂದೆ ಬಂದು ನಿಂತರು. ಕಾರು ಮೂಲೆ ತಿರುಗುವ ತನಕ ನೋಡಿದರು. ತಿರುಗಿದ ಮೇಲೂ ಸ್ವಲ್ಪ ಹೊತ್ತು ನೋಡಿದರು.

ಆಮೇಲೆ ಟವೆಲು ಸರಿಸಿ, ಬೋಳು ಬಾಯಿಯಿಂದ, "ಯಾವುದವ್ವಾ ಒತ್ತೂದು?" ಎಂದು ಕೇಳಿದರು.

ನಿಲ್ಲಿಸುವ ಕೀಲಿ ತೋರಿಸಿದೆ. ಕ್ಲಾರ್ನೆಟ್ಟಿನ ತೂತು ಮುಚ್ಚುವ ಹಾಗೆ ಬೆರಳಿನ ಮೆತ್ತನೆಯ ಭಾಗ ಇಟ್ಟರು. ಏನೂ ಆಗಲಿಲ್ಲ, ತಂಬೂರಿ ನಡೆದೇ ಇತ್ತು. ಇನ್ನೂ ಸ್ವಲ್ಪ ಗಟ್ಟಿಯಾಗಿ ಎಂದೆ. ಅವರು ಉಸಿರು ತೆಗೆದುಕೊಂಡು ಒತ್ತಿದರು.